ಲೆಸ್ಲಿ ಸಾಕಿದ ಎಂಜಿನ್

ಆ ಎಂಜಿನ್ ಕೊನೆಗೂ ಮುದ್ದುಕೃಷ್ಣನಂಥವನ ಪಾಲಾಯಿತಲ್ಲ ಎಂದು ನೆನೆದಾಗಲೆಲ್ಲ ಲತೇಶನಿಗೆ ಹೊಟ್ಟೆ ತೊಳಸುತ್ತಿತ್ತು. ಅದನ್ನು ಅಸೂಯೆ ಎಂದು ಒಪ್ಪಿಕೊಳ್ಳಲು ಅವನು ತಯಾರಿರಲಿಲ್ಲ. ಅಸೂಯೆಯಾದರೆ ಎದೆ ಉರಿಯಬೇಕು. ಇದು ಹಾಗಲ್ಲ. ಬಡಿಸಿಟ್ಟ ಎಲೆಯಲ್ಲಿ ಯಾರೋ ಕೈ ತೊಳೆದದ್ದನ್ನು ನೋಡಿದಾಗ ಆಗುತ್ತದಲ್ಲ, ಅಂಥ ಹೇಸಿಗೆ.

ಎಂಜಿನ್ ಇದ್ದದ್ದು ಲೆಸ್ಲಿಯ ಮೋಟಾರ್‌ಹೋಮಿನಲ್ಲಿ. ಲೆಸ್ಲಿ ಎಂಬ ಮುದುಕ ಕತಾರಿನ ಅಬು ಹಮೂರಿನ ವಿಲ್ಲಾ ಕಾಂಪೌಂಡೊಂದರಲ್ಲಿ ಇದ್ದವನು, ಮುದ್ದುಕೃಷ್ಣನ ಆಫೀಸಿನಲ್ಲೇ ದೊಡ್ಡ ಹುದ್ದೆಯವನು. ಒಳಗೆ ಮಂಚ, ಒಲೆ, ಪಾಯಿಖಾನೆ ಎಲ್ಲ ಇದ್ದ, ಬಸ್ಸಿನಷ್ಟು ಉದ್ದದ ಆ ಗಾಡಿಯನ್ನು ಅಮೆರಿಕದಿಂದ ಹಡಗಿನಲ್ಲಿ ತರಿಸಿಕೊಂಡಿದ್ದ. ಕತಾರ್ ಬಿಟ್ಟು ಹೋಗುವ ಹೊತ್ತಿಗೆ ಮಾರಾಟಕ್ಕಿಟ್ಟ. ಮುದ್ದುಕೃಷ್ಣನಿಗೆ ಆಸೆಯಾಯಿತು, ಆದರೆ ಗಾಡಿಯ ವಿಷಯ ಏನೂ ಗೊತ್ತಿರಲಿಲ್ಲ. ಕನ್ನಡ ಸಂಘದ ಪರಿಚಯದ ಮೇಲೆ ಲತೇಶನನ್ನು ಪರೀಕ್ಷೆಗೆ ಕರೆದುಕೊಂಡು ಹೋದ. ಲತೇಶ ಅಂಥದ್ದೇ ಮೋಟಾರ್‌ಹೋಮನ್ನು ಚಳಿಗಾಲದಲ್ಲಿ ಮರುಭೂಮಿಯ ಕ್ಯಾಂಪುಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಅದೇ ಕಂಪನಿ, ಅದೇ ಮಾದರಿ, ಅದೇ ಎಂಜಿನ್.

ಮುದ್ದುಕೃಷ್ಣ ಆಗಷ್ಟೇ ತಂದೆಯನ್ನು ಕಳೆದುಕೊಂಡು ಮೈಸೂರಿಗೆ ಹೋಗಿ ಬಂದಿದ್ದ. ಬೋಳಿಸಿದ ತಲೆಯಲ್ಲಿ ಕೂದಲು ಚಿಗುರುತ್ತಿತ್ತು. ದಾರಿಯಲ್ಲಿ ಅವನು ಕೇಳಿದ ಪ್ರಶ್ನೆಯನ್ನು ಲತೇಶ ಆಮೇಲೆ ಎಷ್ಟೋ ಜನರಿಗೆ ಹೇಳಿ ನಗಿಸಿದ್ದ.

"ಜಾಹೀರಾತಲ್ಲಿ ಗ್ಯಾಸ್ ಎಂಜಿನ್ ಅಂತ ಹಾಕಿದಾರಲ್ಲ ಲತೇಶ್, ಸಿಲಿಂಡರ್ ಎಲ್ಲಿಡ್ತಾರೆ?"

"ಒಳಗೇ ಉಂಟು ಸಾರ್. ಹತ್ತು ಸಿಲಿಂಡರ್."

"ಹತ್ತಾ! ಮನೇಲಿ ಎರಡಿದ್ರೇ ಇವಳು ಹೆದರ್ತಾಳೆ."

ಅಮೆರಿಕದವರು ಪೆಟ್ರೋಲಿಗೇ ಗ್ಯಾಸ್ ಎನ್ನುತ್ತಾರೆ ಎಂದು ಬಿಡಿಸಿ ಹೇಳುವ ಹೊತ್ತಿಗೆ ಲತೇಶನಿಗೆ ಸಾಕುಸಾಕಾಗಿತ್ತು.

ಆದರೆ ಲೆಸ್ಲಿಯ ಗಾಡಿಯ ಮುಂದೆ ನಿಂತಾಗ ಅವನ ನಗು ನಿಂತುಹೋಯಿತು. ಮಾರುವವರು ಗಿರಾಕಿ ಬರುವ ಮುಂಚೆ ಎಂಜಿನ್ ಬಿಸಿ ಮಾಡಿಟ್ಟು ಅದರ ರೋಗ ಮುಚ್ಚುವುದು ಅವನಿಗೆ ಗೊತ್ತಿದ್ದ ಆಟ. ಮೊದಲು ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಕೀಲಿ ತಿರುಗಿಸಿದ ಕೂಡಲೇ ಗುನುಗಿದ ಸದ್ದಿನಲ್ಲಿ ಒಂದು ಬಿಕ್ಕಳಿಕೆ ಇರಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಇಲ್ಲ. ಆಯಿಲ್ ನೋಡುವ ಕಡ್ಡಿ ಎಳೆದರೆ ತುದಿಯಲ್ಲಿ ಜೇನಿನ ಬಣ್ಣ. ಈ ಎಂಜಿನ್ನುಗಳಲ್ಲಿ ಬಿಸಿಗೆ ಮುರಿದುಬೀಳುವುದೇ ಹೆಚ್ಚಾದ ಸೈಲೆನ್ಸರ್ ಬೋಲ್ಟುಗಳು ಒಂದೂ ತಪ್ಪದೆ ಸಾಲಾಗಿ ಕೂತಿದ್ದವು. ಲೆಸ್ಲಿ ಹದಿನೈದು ದಿನಕ್ಕೊಮ್ಮೆ ಅದನ್ನು ದುಖಾನ್ ಎಂಬ ಊರಿನ ದಾರಿಯಲ್ಲಿ ದೂರ ಓಡಿಸಿ, ಬಂದು ಎ.ಸಿ. ಹಾಕಿ ಜನರೇಟರನ್ನೂ ದುಡಿಸುತ್ತಿದ್ದನಂತೆ. ಓಡಿ ಸತ್ತ ಎಂಜಿನ್ನಿಗಿಂತ ನಿಂತು ಸತ್ತ ಎಂಜಿನ್ನುಗಳನ್ನೇ ತಾನು ಹೆಚ್ಚು ನೋಡಿದ್ದೇನೆ ಎಂದ. ಲತೇಶ ಬಹಳ ವರ್ಷಗಳಿಂದ ನಂಬಿದ್ದೂ ಅದನ್ನೇ.

ಮುದ್ದುಕೃಷ್ಣ ಒಳಗೆ ಮಂಚದ ಮೇಲೆ ಕೂತು ಸ್ಪ್ರಿಂಗ್ ಒತ್ತಿ ನೋಡುತ್ತಿದ್ದಾಗ ಲತೇಶ ಲೆಸ್ಲಿಯನ್ನು ಪಕ್ಕಕ್ಕೆ ಕರೆದು, ನನಗೇ ಕೊಡಿ ಎಂದು ಮೆಲ್ಲಗೆ ಕೇಳಿದ. ಬಾಡಿಗೆಗೆ ಬಿಡುವವರಿಗೆ ಕೊಡುವುದಿಲ್ಲ ಎಂದುಬಿಟ್ಟ ಮುದುಕ. ಬಾಡಿಗೆ ಗಾಡಿಯ ಎಂಜಿನ್ನಿಗೆ ಯಜಮಾನ ಇರುವುದಿಲ್ಲವಂತೆ. ಹೇಳಿದ್ದು ನಗುತ್ತಲೇ, ಹೆಗಲ ಮೇಲೆ ಕೈಯಿಟ್ಟೇ. ಆ ಕೈಯ ಭಾರ ಲತೇಶನ ಹೆಗಲಿನಿಂದ ಆಮೇಲೆ ಇಳಿಯಲೇ ಇಲ್ಲ.

ಗಾಡಿ ಮುದ್ದುಕೃಷ್ಣನದಾಯಿತು. ಪರೀಕ್ಷೆ ಮಾಡಿದ್ದಕ್ಕೆ ಲತೇಶನಿಗೆ ಸಿಕ್ಕಿದ್ದು ಒಂದು ಡಬ್ಬಿ ಮೈಸೂರುಪಾಕು.

ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡದಲ್ಲಿ ಬಾಡಿಗೆಗಿದ್ದ ಮುದ್ದುಕೃಷ್ಣನಿಗೆ ಗಾಡಿ ನಿಲ್ಲಿಸಲು ಜಾಗವೇ ಇರಲಿಲ್ಲ. ಪರಿಚಯದವರ ವಿಲ್ಲಾದ ಹಿಂದಿನ ಖಾಲಿ ಜಾಗದಲ್ಲಿ ನಿಲ್ಲಿಸಿದ. ಅಷ್ಟೇ, ಅದು ಅಲ್ಲಿಂದ ಕದಲಲಿಲ್ಲ. ವಾರದ ರಜೆಯ ಶುಕ್ರವಾರ ಹೆಂಡತಿ ಅರುಂಧತಿಯ ಜೊತೆ ಹೋಗಿ, ಜನರೇಟರಿನಲ್ಲಿ ಎ.ಸಿ. ಹಾಕಿಕೊಂಡು, ಬಿಸಿಬೇಳೆಬಾತು ಮೊಸರನ್ನ ತಿಂದು, ಮಲಗಿ ಎದ್ದು ಬರುತ್ತಿದ್ದ. ಎಂಜಿನ್ ಮುಟ್ಟುತ್ತಿರಲಿಲ್ಲ. "ಓಡಿಸಿದ್ರೆ ಸವೆಯುತ್ತಲ್ಲ ಲತೇಶ್," ಎನ್ನುತ್ತಿದ್ದ. ಮೀಟರಿನಲ್ಲಿ ಕಿಲೋಮೀಟರ್ ಏರದಿರುವುದನ್ನು ಮಗಳ ಅಂಕಪಟ್ಟಿಯಂತೆ ಎಲ್ಲರಿಗೂ ತೋರಿಸುತ್ತಿದ್ದ. ಒಮ್ಮೆ ಲತೇಶ ಒಳಗೆ ಹತ್ತಿದಾಗ ಹುಳಿ ಮೊಸರಿನ ವಾಸನೆ ಮೂಗಿಗೆ ಹೊಡೆಯಿತು. ಡ್ಯಾಶ್‌ಬೋರ್ಡಿನ ಮೇಲೆ ಒಣಗಿದ ಒಗ್ಗರಣೆಯ ಕರಿಬೇವಿನ ಎಸಳು. ಮುಂದಿನ ಎರಡು ಸೀಟುಗಳ ನಡುವೆ ಎಂಜಿನ್ನಿನ ಬೆನ್ನನ್ನು ಮುಚ್ಚುವ ದೊಡ್ಡ ಮುಚ್ಚಳವಿತ್ತು, ಅದರ ಮೇಲೆ ಹಾಸಿದ ಪೇಪರಿನಲ್ಲಿ ಮಾವಿನಮಿಡಿಯ ಉಪ್ಪಿನಕಾಯಿ. ಕೆಳಗೆ ಅಂಥ ಎಂಜಿನ್, ಮೇಲೆ ಉಪ್ಪಿನಕಾಯಿ!

ಲತೇಶನ ಸ್ವಂತ ಎಂಜಿನ್ ಅಷ್ಟರಲ್ಲಿ ಸಾಯುತ್ತಿತ್ತು. ಅದನ್ನು ಕೊಂದದ್ದು ಮರಳು, ಬಿಸಿಲು, ಬಾಡಿಗೆಯವರ ಕಾಲು ಎಂದು ಅವನು ಹೇಳುತ್ತಿದ್ದ. ನಿಜಕ್ಕೆ ಎರಡು ಸೀಸನ್ ಆಯಿಲ್ ಬದಲಿಸದೆ ಮೇಲೆಮೇಲೆ ತುಂಬಿಸಿದವನು ಅವನೇ. ಕ್ಯಾಂಪಿನವರು ಕಾಯುತ್ತಾರೆಂದು ಎಂಜಿನ್ ತಂಪಾಗಿಡುವ ಕೂಲೆಂಟ್ ಸೋರುತ್ತಿದ್ದರೂ ಮರಳ ದಿಬ್ಬ ಹತ್ತಿಸಿದವನೂ ಅವನೇ. ಈಗ ಕಡ್ಡಿಯ ತುದಿಯಲ್ಲಿ ಡಾಂಬರಿನಂಥ ಕಪ್ಪು ಲೋಳೆ, ಅದರಲ್ಲಿ ಲೋಹದ ಮಿಣಕು. ಕಡ್ಡಿ ಒರೆಸಿದ ಬಟ್ಟೆಯನ್ನು ನೋಡಲಾರದೆ ಮಡಚಿ ಎಸೆಯುತ್ತಿದ್ದ. ವ್ಯಾಪಾರದ ಲೈಸನ್ಸು ಜಾಬಿರ್ ಎಂಬ ಕತಾರಿಯ ಹೆಸರಿನಲ್ಲಿತ್ತು, ಲತೇಶನ ವೀಸಾ ಕೂಡ. ಕಳೆದ ಚಳಿಗಾಲದಲ್ಲಿ ಜಾಬಿರನ ಬಂಧುಗಳೇ ಮರಳಿನ ನಡುವೆ ಕೆಟ್ಟು ನಿಂತ ಗಾಡಿಯಲ್ಲಿ ಇಡೀ ದಿನ ಕಳೆದಿದ್ದರು. ಜಾಬಿರ್ ಕೂಗಾಡಲಿಲ್ಲ. ಚಹಾ ಕುಡಿಸಿಯೇ ಹೇಳಿದ.

"ಈ ಸಲ ಇನ್ನೊಮ್ಮೆ ನಿಂತರೆ ಖಲಾಸ್, ಲತೇಶ್. ಗಾಡಿ ಗುಜರಿಗೆ, ನೀನು ಊರಿಗೆ."

ಅಲ್ ವಕ್ರಾದ ಮನೆಯಲ್ಲಿ ಹೆಂಡತಿ ಗ್ರೀಷ್ಮಾಳಿಗೆ ಅವನು ಇದನ್ನು ಹೇಳಲಿಲ್ಲ. ನವೆಂಬರಿನಿಂದ ಶುರುವಾಗುವ ಕ್ಯಾಂಪುಗಳಿಗೆ ಬುಕಿಂಗುಗಳು ಆಗಲೇ ಬರುತ್ತಿದ್ದವು. ಒಳ್ಳೆಯ ಎಂಜಿನ್ ಸಿಗದಿದ್ದರೆ ಇಲ್ಲಿಯ ಬದುಕೇ ಮುಗಿದಂತೆ.

ದಾರಿ ತೋರಿಸಿದವನು ಮುದ್ದುಕೃಷ್ಣನೇ. ಮಕ್ಕಳ ಬೇಸಿಗೆ ರಜೆ, ತಂದೆಯ ವರ್ಷದ ತಿಥಿ ಎರಡೂ ಸೇರಿ ಬಂದಿದ್ದರಿಂದ ಇಡೀ ಕುಟುಂಬ ಮೈಸೂರಿಗೆ ಹೊರಟಿತ್ತು. ಖಾಲಿ ಜಾಗದ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಹೋಗಲು ಅವನಿಗೆ ಧೈರ್ಯವಿರಲಿಲ್ಲ.

"ನಿಮ್ಮ ಶೆಡ್ಡಲ್ಲಿ ನೆರಳಿದೆ. ನಾವು ಬರೋವರೆಗೂ ಇಟ್ಕೊಳ್ಳಿ. ನಿಮ್ಮ ಗಾಡಿ ಅಂತಲೇ ನೋಡ್ಕೊಳ್ಳಿ," ಎಂದು ಕೀಲಿ ಕೊಟ್ಟ.

"ನನ್ನದೇ ಅಂತ ನೋಡ್ತೇನೆ ಸಾರ್," ಎಂದ ಲತೇಶ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೈಗಾರಿಕಾ ಪ್ರದೇಶದ, ಅಂದರೆ ಎಲ್ಲರ ಬಾಯಲ್ಲಿ ಸನಯ್ಯಾದ, ತಗಡಿನ ಶೆಡ್ಡಿನಲ್ಲಿ ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದ ದಿನವೇ ಯೋಜನೆ ಅವನ ತಲೆಯಲ್ಲಿ ಪೂರ್ತಿಯಾಗಿತ್ತು. ಎಂಜಿನ್ ಅದಲುಬದಲು. ಕದ್ದ ಮಾಲನ್ನು ಸಾಗಿಸಬೇಕಿಲ್ಲ, ಬಚ್ಚಿಡಬೇಕಿಲ್ಲ, ಮಾರಬೇಕಿಲ್ಲ. ಕಳೆದುಕೊಂಡವನ ಗಾಡಿಯಲ್ಲಿ ಖಾಲಿ ಜಾಗವೂ ಉಳಿಯುವುದಿಲ್ಲ. ಇಸ್ತಿಮಾರಾದಲ್ಲಿ, ಅಂದರೆ ಗಾಡಿಯ ನೋಂದಣಿ ಕಾರ್ಡಿನಲ್ಲಿ, ಇದ್ದದ್ದು ಚಾಸಿ ನಂಬರ್ ಮಾತ್ರ. ವರ್ಷದ ತಪಾಸಣೆಯವರು ಬ್ರೇಕು, ಟೈರು, ದೀಪ ನೋಡುತ್ತಾರೆ, ಎಂಜಿನ್ನಿನ ಗುರುತು ಕೇಳುವುದಿಲ್ಲ. ಓಡಿದ ಲೆಕ್ಕ ಇಡುವ ಕಂಪ್ಯೂಟರು, ಮೀಟರು ಎರಡೂ ಗಾಡಿಯಲ್ಲೇ ಉಳಿಯುತ್ತವೆ. ಮುದ್ದುಕೃಷ್ಣ ತನ್ನ ಪುಟ್ಟ ಸಂಖ್ಯೆಯನ್ನು ಇನ್ನೂ ಹತ್ತು ವರ್ಷ ನೆಂಟರಿಗೆ ತೋರಿಸಬಹುದು.

ಮುಂದೆ ಎಂದಾದರೂ ಎಂಜಿನ್ ಸಾಯುತ್ತದಲ್ಲ? ಅದರ ಉತ್ತರವೇ ಯೋಜನೆಯ ಅತ್ಯಂತ ಚಂದದ ಭಾಗ ಎಂದು ಲತೇಶನಿಗೆ ಅನಿಸಿತ್ತು. ನಿಲ್ಲಿಸಿಟ್ಟರೆ ಎಂಜಿನ್ ಹಾಳಾಗುತ್ತದೆ ಸಾರ್, ಸೀಲುಗಳು ಒಣಗುತ್ತವೆ, ಒಳಗೆ ತುಕ್ಕು ಹಿಡಿಯುತ್ತದೆ, ತಿಂಗಳಿಗೊಮ್ಮೆಯಾದರೂ ಓಡಿಸಿ ಎಂದು ಅವನು ಸಂಘದ ಊಟದ ಪಂಕ್ತಿಯಲ್ಲಿ ಎಲ್ಲರ ಎದುರು ಎಷ್ಟು ಸಲ ಹೇಳಿರಲಿಲ್ಲ! ನಾಳೆ ಅದು ನಿಂತಲ್ಲೇ ಕೊನೆಯುಸಿರೆಳೆದಾಗ ಇಡೀ ಸಂಘವೇ ಸಾಕ್ಷಿ. ಲತೇಶ ಹೇಳಿದ್ದ, ಮುದ್ದುಕೃಷ್ಣ ಕೇಳಲಿಲ್ಲ. ನಿಜವನ್ನೇ ಹೇಳಿ ಇಷ್ಟು ಭದ್ರವಾದ ಸುಳ್ಳು ಕಟ್ಟಬಹುದೆಂದು ಅವನಿಗೇ ಗೊತ್ತಿರಲಿಲ್ಲ.

ಇಷ್ಟಾದರೂ ಕೈ ಹಾಕಲು ಒಂದೆರಡು ದಿನ ಮೀನಮೇಷ ಎಣಿಸಿದ. ಎದೆಯೊಳಗೆ ಯಾವುದೋ ಸಣ್ಣ ಹಲ್ಲಿ ಲೊಚಗುಡುತ್ತಿತ್ತು. ಅದನ್ನು ಸುಮ್ಮನಾಗಿಸಿದ್ದು ಒಂದು ವಾಸನೆ. ಶೆಡ್ಡಿನ ಬಾಗಿಲು ತೆರೆದ ಕೂಡಲೇ ಬಂದ ದುರ್ನಾತಕ್ಕೆ ಅವನು ಹೊರಗೆ ಓಡಿಬಂದು ವಾಂತಿ ಮಾಡಿಕೊಂಡ. ಮುದ್ದುಕೃಷ್ಣ ಪಾಯಿಖಾನೆಯ ಟ್ಯಾಂಕ್ ಖಾಲಿ ಮಾಡದೆ ಹೋಗಿದ್ದ. ಜುಲೈ ತಿಂಗಳ ಬಿಸಿಗೆ ಅದು ಕುದಿದು, ಮುಚ್ಚಳದ ಅಂಚಿನಿಂದ ಜಿನುಗಿ, ನೆಲದ ಮೇಲೆ ನೊಣ ಕೂತಿತ್ತು. ಲತೇಶ ಮೂಗಿಗೆ ಬಟ್ಟೆ ಬಿಗಿದು, ಕೊಳವೆ ಜೋಡಿಸಿ, ಉಕ್ಕುವ ಹೊಲಸನ್ನು ತೊಟ್ಟಿಗೆ ಹರಿಸಿದ. ಕೊನೆಗೆ ಚಪ್ಪಲಿಯನ್ನೇ ಎಸೆಯಬೇಕಾಯಿತು. ಮೈಸೂರಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬಂದದ್ದು ಎಂದಿನ ನಯದ ಧ್ವನಿ.

"ಅಯ್ಯೋ, ಮರೆತೇಹೋಯ್ತು ಕಣ್ರೀ. ಅದು ತಾನಾಗೇ ಹೋಗುತ್ತೆ ಅಂದ್ಕೊಂಡಿದ್ದೆ."

"ಎಲ್ಲಿಗೆ ಹೋಗ್ತದೆ ಸಾರ್?"

"ಅದೇ... ಎಲ್ಲಾದ್ರೂ."

ಅಲ್ಲಿಗೆ ಹಲ್ಲಿ ಸುಮ್ಮನಾಯಿತು. ತನ್ನ ಹೊಲಸು ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದವನಿಗೆ ತನ್ನ ಎಂಜಿನ್ ಎಲ್ಲಿಗೆ ಹೋಯಿತೆಂದೂ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಶುಕ್ರವಾರಗಳನ್ನು ಆರಿಸಿಕೊಂಡ. ಅಕ್ಕಪಕ್ಕದ ಗ್ಯಾರೇಜುಗಳು ಮುಚ್ಚಿರುತ್ತಿದ್ದವು. ಒಬ್ಬನಿಂದ ಆಗುವ ಕೆಲಸವಲ್ಲದ್ದರಿಂದ ಕಾಸರಗೋಡಿನ ಮೆಕ್ಯಾನಿಕ್ ಅಶ್ರಫನನ್ನು ಕರೆದ. ಎಂಜಿನ್ ಎತ್ತುವ ಚೈನ್ ಬ್ಲಾಕ್ ಅವನದೇ. ಅಶ್ರಫ್ ವೀಸಾ ಮುಗಿಸಿ ಆ ತಿಂಗಳೇ ಕಾಯಂ ಆಗಿ ಊರಿಗೆ ಹೋಗುವವನಿದ್ದ. ಎರಡೂ ಗಾಡಿ ಅರಬಾಬ್ ಜಾಬಿರನದು, ಯಜಮಾನನ ಹುಕುಂ ಹೀಗೆ ಎಂದಿದ್ದಕ್ಕೆ, "ಅರಬಾಬಿಗೆ ಹುಚ್ಚು ಹಿಡಿದರೆ ನಮಗೇನು, ಯಲ್ಲಾ," ಎಂದು ಅಂಗಿಯ ತೋಳು ಮಡಚಿದ.

ಮುಂದಿನ ಗಾಜಿನ ಕೆಳಗಿನ ಹೊದಿಕೆ ಬಿಚ್ಚಿದರು. ರೇಡಿಯೇಟರ್ ಇಳಿಸಿದರು. ತಗಡಿನ ಕೆಳಗೆ ಕೂದಲೂ ಬೆವರುವಂಥ ಸೆಕೆ. ಲೆಸ್ಲಿ ಸಾಕಿದ ಎಂಜಿನ್ ಸರಪಳಿಯಲ್ಲಿ ತೂಗುತ್ತ ಹೊರಬಂದಾಗ ಲತೇಶ ಅದನ್ನು ಮಗುವನ್ನು ತಬ್ಬಿದಂತೆ ತಬ್ಬಿ ದಿಕ್ಕು ತಿರುಗಿಸಿದ. ತನ್ನದನ್ನು ಎತ್ತುವಾಗ ಮುಖ ಆ ಕಡೆ ಮಾಡಿದ. ಅದರ ಹೊಟ್ಟೆಯಿಂದ ಕಪ್ಪು ಆಯಿಲ್ ಅವನ ಮೊಣಕೈವರೆಗೂ ಇಳಿಯಿತು. ಎಷ್ಟು ಸೋಪು ಹಚ್ಚಿದರೂ ಆ ಜಿಡ್ಡಿನ ಕೆಳಗೆ ಟ್ಯಾಂಕಿನ ನಾತವೇ ಉಳಿದಿದೆ ಎನಿಸಿ, ಆ ವಾರವಿಡೀ ಅವನು ಚಮಚದಲ್ಲಿ ಊಟ ಮಾಡಿದ.

"ಎಂತ ಆಯ್ತು ನಿಮಗೆ, ಮೀನುಸಾರು ಚಮಚದಲ್ಲಿ ತಿನ್ನಲಿಕ್ಕೆ?" ಎಂದು ಗ್ರೀಷ್ಮಾ ನಕ್ಕಳು. "ಅರಬಿಗಳ ಜೊತೆ ಸೇರಿ ದೊಡ್ಡ ಜನ ಆದಿರಾ?"

"ಕೈ ಗಾಯ ಮಾರಾಯ್ತಿ," ಎಂದ.

ಇನ್ನು ಉಳಿದದ್ದು ಮುಖಕ್ಕೆ ಬಣ್ಣ ಹಚ್ಚುವ ಕೆಲಸ. ಅದರಲ್ಲೂ ಅವನು ಆತುರಪಡಲಿಲ್ಲ. ಸಾಯುವ ಎಂಜಿನ್ನನ್ನು ಜಿಡ್ಡು ಬಿಡಿಸುವ ದ್ರಾವಣ ಹಾಕಿ ತೊಳೆದ. ಲೆಸ್ಲಿಯ ಎಂಜಿನ್ನಿನ ಕೊಳವೆ, ಬೆಲ್ಟು, ಪ್ಲಗ್ಗುಗಳ ವಯರು, ಆಯಿಲ್ ಕಡ್ಡಿ ಎಲ್ಲವನ್ನೂ ಅದಕ್ಕೆ ತೊಡಿಸಿದ. ಮುರಿದ ಸೈಲೆನ್ಸರ್ ಬೋಲ್ಟುಗಳನ್ನು ಕಿತ್ತು ಹೊಸದು ಹಾಕಿ, ಹೊಸದಾಗಿ ಕಾಣಬಾರದೆಂದು ಮರಳು ತಿಕ್ಕಿದ. ನೀಲಿ ಹೊಗೆ ಕೆಲವು ತಿಂಗಳು ಅಡಗಿರಲೆಂದು ದಪ್ಪ ಆಯಿಲ್ ತುಂಬಿದ. ಕೀಲಿ ತಿರುಗಿಸಿದಾಗ ಅದು ಮರ್ಯಾದಸ್ಥ ಮುದುಕನಂತೆ ಒಮ್ಮೆ ಕೆಮ್ಮಿ, ಸರಿಯಾಗಿ ನಡೆಯಿತು. ಪಕ್ಕದ ಗಾಡಿಯಲ್ಲಿ ಲೆಸ್ಲಿಯ ಎಂಜಿನ್ ಗುನುಗುತ್ತಿತ್ತು. ಅದನ್ನು ಜಾಬಿರನಿಗೆ ಕೇಳಿಸಲೆಂದು ಫೋನ್ ಹಿಡಿದ.

"ಮಾಶಾಲ್ಲಾ," ಎಂದ ಜಾಬಿರ್. "ಇಷ್ಟು ವರ್ಷ ಹೀಗೆ ಯಾಕೆ ನೋಡಿಕೊಳ್ಳಲಿಲ್ಲ?"

ಗಣೇಶ ಚೌತಿಗೆ ಇನ್ನೂ ಕೆಲವು ದಿನ ಇರುವಾಗ ಮುದ್ದುಕೃಷ್ಣ ದಂಪತಿ ಊರಿನಿಂದ ಬಂದರು. ಬಂದ ಮರುದಿನ ಬೆಳಿಗ್ಗೆಯೇ ಶೆಡ್ಡಿಗೆ ಹಾಜರು. ಮುದ್ದುಕೃಷ್ಣನ ಕೈಯಲ್ಲಿ ಮತ್ತೊಂದು ಡಬ್ಬಿ ಮೈಸೂರುಪಾಕು, ಅರುಂಧತಿಯ ಕೈಯಲ್ಲಿ ಬಟ್ಟೆಯ ಚೀಲ.

"ಟ್ಯಾಂಕಿನ ವಿಷಯಕ್ಕೆ ಬೇಜಾರು ಮಾಡ್ಕೋಬೇಡಿ ಲತೇಶ್," ಎಂದಳು ಅರುಂಧತಿ. "ಇವರಿಗೆ ನಮ್ಮನೆ ಡ್ರೈನೇಜ್ ಎಲ್ಲಿದೆ ಅಂತಲೂ ಗೊತ್ತಿಲ್ಲ."

"ಇರ್ಲಿ ಬಿಡಿ ಅಕ್ಕ. ನಮ್ಮದೇ ಅಂದ ಮೇಲೆ ಅದೆಲ್ಲ ಎಂತ ಹೇಸಿಗೆ?"

ಮುದ್ದುಕೃಷ್ಣ ಡ್ರೈವರ್ ಸೀಟಿನಲ್ಲಿ ಕೂತು ಮೊದಲು ಮೀಟರ್ ನೋಡಿದ. ತೃಪ್ತನಾದ. "ಒಳಗೆ ಏನಾದ್ರೂ ಬಿಚ್ಚಬೇಕಾಯ್ತಾ?"

"ಎಂತಕ್ಕೆ ಸಾರ್? ಈ ಮುಚ್ಚಳಕ್ಕೆ ನಾನು ಕೈ ಕೂಡ ಹಚ್ಚಲಿಲ್ಲ. ಆಯಿಲ್ ಎದುರಿಂದ ನೋಡಿದ್ರೆ ಆಯ್ತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಟ್ಟೆ. ಆದ್ರೆ ಒಂದು ಮಾತು ಸಾರ್, ಇನ್ನಾದ್ರೂ ಓಡಿಸಿ. ನಿಲ್ಲಿಸಿದ್ರೆ ಇದು ಸಾಯ್ತದೆ, ಈಗಲೇ ಹೇಳಿದ್ದೇನೆ. ಆಮೇಲೆ ನನ್ನ ಕೇಳಬೇಡಿ."

"ನೋಡಿದ್ಯಾ, ಮತ್ತೆ ಶುರು," ಎಂದು ಮುದ್ದುಕೃಷ್ಣ ಹೆಂಡತಿಗೆ ಕಣ್ಣು ಮಿಟುಕಿಸಿ ಕೀಲಿಗೆ ಕೈ ಹಾಕಿದ. ಅರುಂಧತಿ ಆ ಕೈ ಹಿಡಿದಳು. ಪೂಜೆಯಾಗದೆ ಕೀಲಿ ಮುಟ್ಟುವ ಹಾಗಿಲ್ಲವಂತೆ. ಚೀಲದಿಂದ ನಿಂಬೆಹಣ್ಣು, ಸೇವಂತಿಗೆ, ಊದುಬತ್ತಿ, ಕುಂಕುಮದ ಭರಣಿ ಹೊರಬಂದವು. ಸ್ಟೀರಿಂಗಿಗೆ ಬೊಟ್ಟಿಟ್ಟು ಕೈಮುಗಿದಳು. "ಬರೀ ಮುಖಕ್ಕೆ ಇಟ್ಟರಾಯ್ತಾ, ದುಡಿಯೋದು ಎಂಜಿನ್ ಅಲ್ವಾ? ಇದನ್ನ ಸ್ವಲ್ಪ ತೆಗೀರಿ ಲತೇಶ್," ಎಂದು ನಡುವಿನ ಮುಚ್ಚಳ ತೋರಿಸಿದಳು. ಲತೇಶ ಹಿಂಜರಿಯಲಿಲ್ಲ. ಯಾರು ಬಗ್ಗಿ ನೋಡಿದರೂ ನಿಲ್ಲುವ ಹಾಗೆ ಸಿದ್ಧಮಾಡಿದ ಕೆಲಸ ಅದು. ತೋರಿಸಲು ಸಿಕ್ಕಿದ್ದೇ ಒಳ್ಳೆಯದಾಯಿತು ಎನಿಸಿ ಕ್ಲಿಪ್ಪುಗಳನ್ನು ತಾನೇ ಬಿಚ್ಚಿ ಮುಚ್ಚಳ ಎತ್ತಿದ.

ಕುಂಕುಮ ಹಿಡಿದ ಬೆರಳು ಚಾಚಿ ಬಗ್ಗಿದ ಅರುಂಧತಿ ಹಾಗೆಯೇ ನಿಂತಳು. ತೊಳೆದ ಲೋಹದ ನಡುವೆ ಮೂರು ಬೊಟ್ಟುಗಳಿದ್ದವು. ಆಯುಧಪೂಜೆಯಿಂದ ಆಯುಧಪೂಜೆಗೆ ಗ್ರೀಷ್ಮಾ ಎಣ್ಣೆಯಲ್ಲಿ ಕಲಸಿ ಒಂದರ ಮೇಲೊಂದು ಇಟ್ಟ ಕುಂಕುಮ, ಎಂಜಿನ್ನಿನ ಬಿಸಿಗೆ ಬೆಂದು ಅರಗಿನಂತೆ ದಪ್ಪಗಟ್ಟಿತ್ತು. ತೊಳೆಯುವಾಗ ಲತೇಶ ಅದನ್ನು ನೋಡದಿರಲಿಲ್ಲ. ಕೆರೆದು ತೆಗೆಯಲು ಕೈ ಬಂದಿರಲಿಲ್ಲ. ನಮ್ಮವರ ಗಾಡಿ ಎಂದ ಮೇಲೆ ಬೊಟ್ಟಿದ್ದರೇ ಸಹಜ ಎಂದು ಸುತ್ತಲಷ್ಟೇ ಜಾಗ್ರತೆಯಾಗಿ ಉಜ್ಜಿ ಬಿಟ್ಟಿದ್ದ. "ಹೋದ ವರ್ಷ ನೀವು ಇಟ್ಟದ್ದು ಹಾಗೇ ಉಂಟು ನೋಡಿ ಅಕ್ಕ, ಒಂಚೂರು ಮಾಸ್ಲಿಲ್ಲ," ಎಂದ ನಗುತ್ತ. ಅರುಂಧತಿ ನಗಲಿಲ್ಲ. ಗಂಡನ ಮುಖ ನೋಡಿದಳು. ಮುದ್ದುಕೃಷ್ಣ ಸೀಟಿನಿಂದ ಎದ್ದು ಬಗ್ಗಿ ನೋಡಿ, ಆಮೇಲೆ ತಲೆಯೆತ್ತಿ ಕಿಟಕಿಯಾಚೆ ನಿಂತಿದ್ದ ಲತೇಶನ ಗಾಡಿಯ ಕಡೆಗೆ ಬಹಳ ಹೊತ್ತು ನೋಡಿದ. ಲತೇಶನ ಮನೆಯಲ್ಲಿ ಹದಿಮೂರನೆಯ ದಿನದ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದರೆ ಸಾವು ಮುಗಿಯಿತು, ಮುಂದಿನ ಹಬ್ಬಕ್ಕೆ ಹೂವು ಕುಂಕುಮ ಯಥಾಪ್ರಕಾರ. ಸರಪಳಿಯಲ್ಲಿ ತೂಗುತ್ತ ಬಂದ ಲೆಸ್ಲಿಯ ಎಂಜಿನ್ನಿನ ಮೇಲೆ ಒಂದೇ ಒಂದು ಬೊಟ್ಟೂ ಇರಲಿಲ್ಲ ಎಂಬುದು ಲತೇಶನ ಕಣ್ಣಿಗೆ ಈಗ ಕಟ್ಟಿತು. "ನಮ್ಮ ಮಾವ ತೀರಿಕೊಂಡ ವರ್ಷ ಕಣ್ರೀ ಅದು," ಎಂದಳು ಅರುಂಧತಿ, ಧ್ವನಿ ಏರಿಸದೆ. "ವರ್ಷ ಕಳೆಯೋವರೆಗೂ ನಮ್ಮನೇಲಿ ಹಬ್ಬ ಇಲ್ಲ, ಪೂಜೆ ಇಲ್ಲ. ಈ ಗಾಡಿಗೆ ನಾನು ಇವತ್ತೇ ಮೊದಲು ಕುಂಕುಮ ತಂದಿರೋದು."